ಗಾಳಿಗಿಂತ ಮೊದಲು ಉಬ್ಬರ ನೋಡಿ: ಚಳಿಗಾಲದ ಬಿರುಗಾಳಿಗೆ ಕಡಲ ದಂಡೆಯ ಮನೆಯವರ ತಯಾರಿ

ಬಿರುಗಾಳಿ ಬರುತ್ತಿದೆ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಗಾಳಿ ಗಂಟೆಗೆ ಎಷ್ಟು ಕಿಲೋಮೀಟರ್? ಕಡಲ ದಂಡೆಯಲ್ಲಿ ಮನೆ ಮಾಡಿಕೊಂಡವರು ಮೊದಲು ಕೇಳಬೇಕಾದ್ದು ಬೇರೆ. ಅದು ಯಾವ ಉಬ್ಬರದ ಹೊತ್ತಿಗೆ ಬರುತ್ತದೆ? ಎಷ್ಟು ಉಬ್ಬರದ ತನಕ ನಿಲ್ಲುತ್ತದೆ?

ಗಾಳಿ ಚಾವಣಿ ಹಾರಿಸಬಹುದು, ಮರ ಬೀಳಿಸಬಹುದು. ಆದರೆ ಮನೆಯೊಳಗೆ ನೀರು ನುಗ್ಗುವುದೂ ಮನೆ ಮುಂದಿನ ಮರಳು ಮಾಯವಾಗುವುದೂ ನೀರು ಎಷ್ಟು ಎತ್ತರಕ್ಕೆ ಏರಿತು, ಎಷ್ಟು ಹೊತ್ತು ಅಲ್ಲೇ ನಿಂತಿತು ಎಂಬುದರ ಮೇಲೆ. ಬೆಚ್ಚಗಿನ ಕಡಲಿನ ಚಂಡಮಾರುತ ಸಾಮಾನ್ಯವಾಗಿ ಬಿರುಸಾಗಿ ಬಂದು ಹೊರಟುಬಿಡುತ್ತದೆ. ಚಳಿಗಾಲದ ಬಿರುಗಾಳಿಯ ಗುಣ ಬೇರೆ. ಗಾಳಿಯ ವೇಗ ಕಡಿಮೆ ಇರಬಹುದು, ಹರವು ಮಾತ್ರ ದೊಡ್ಡದು. ಒಮ್ಮೊಮ್ಮೆ ಎರಡು ಮೂರು ದಿನ ಕದಲುವುದೇ ಇಲ್ಲ. 1962ರ ಮಾರ್ಚ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಬಂದ ಬಿರುಗಾಳಿ ಹೀಗೇ ಮಾಡಿತು. ಬಂದದ್ದು ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೆ. ಒಂದರ ಹಿಂದೆ ಒಂದರಂತೆ ಐದು ಉಬ್ಬರಗಳವರೆಗೆ ಅಲ್ಲೇ ಬೀಡುಬಿಟ್ಟಿತು. ಮೊದಲ ಉಬ್ಬರ ಮರಳ ದಿಬ್ಬ ತಿಂದರೆ, ಮುಂದಿನವು ದಿಬ್ಬದ ಹಿಂದಿದ್ದ ಮನೆಗಳಿಗೆ ಬಂದವು.

ಹಾಗಾಗಿ ಈ ಲೇಖನದಲ್ಲಿ ಕಿಟಕಿಗೆ ಹಲಗೆ ಹೊಡೆಯುವ ವಿಷಯ ಕಡಿಮೆ. ಉಬ್ಬರ ಮತ್ತು ಮರಳಿನ ವಿಷಯವೇ ಜಾಸ್ತಿ.

ನೀರು ಏರುವ ಲೆಕ್ಕ

ಹಂತಗಳಿಗೆ ಹೋಗುವ ಮುಂಚೆ ಇದೊಂದನ್ನು ತಿಳಿದುಕೊಳ್ಳಿ. ಬಿರುಗಾಳಿಯ ದಿನ ಕಡಲಿನ ಮಟ್ಟ ಏರುವುದಕ್ಕೆ ನಾಲ್ಕು ಕಾರಣ. ನಾಲ್ಕೂ ಒಂದರ ಮೇಲೊಂದು ಕೂತುಕೊಳ್ಳುತ್ತವೆ.

ಮೊದಲನೆಯದು ಮಾಮೂಲಿ ಉಬ್ಬರ. ಅಮಾವಾಸ್ಯೆ, ಹುಣ್ಣಿಮೆಗೆ ಇದು ಜೋರು. ಆದರೆ ಹೆಚ್ಚಿನ ಕಡೆ ಅತಿ ಎತ್ತರದ ಉಬ್ಬರ ಬರುವುದು ಅದೇ ದಿನ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಚಂದ್ರ ಭೂಮಿಗೆ ಹತ್ತಿರ ಬಂದಿದ್ದರೆ ಇನ್ನೂ ಸ್ವಲ್ಪ ಹೆಚ್ಚು.

ಎರಡನೆಯದು ವಾತಾವರಣದ ಒತ್ತಡ. ಒತ್ತಡ ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಮೇಲೇಳುತ್ತದೆ. ಮಾಮೂಲಿ ಒತ್ತಡ 1013 ಮಿಲಿಬಾರ್ ಆಸುಪಾಸು. ಬಿರುಗಾಳಿಯ ನಡುವೆ ಅದು 973ಕ್ಕೆ ಇಳಿದರೆ ಲೆಕ್ಕ ಸುಲಭ, 40 ಸೆಂಟಿಮೀಟರ್.

ಮೂರನೆಯದು ಗಾಳಿ ನೀರನ್ನು ದಡದ ಕಡೆ ತಳ್ಳುವುದು. ದಡದ ಮುಂದೆ ಕಡಲು ಬಹಳ ದೂರ ಆಳವಿಲ್ಲದೆ ಹರಡಿಕೊಂಡಿದ್ದರೆ ಈ ತಳ್ಳಾಟ ಜೋರು, ಏಕೆಂದರೆ ತಳ್ಳಿದ ನೀರು ಅಡಿಯಿಂದ ವಾಪಸ್ ಹೋಗಲು ಜಾಗವಿರುವುದಿಲ್ಲ. ನಾಲ್ಕನೆಯದು ಅಲೆಗಳು. ಅವು ಒಡೆದು ದಡದ ಬಳಿ ನೀರನ್ನು ಇನ್ನಷ್ಟು ರಾಶಿ ಹಾಕುತ್ತವೆ, ಮೇಲೆ ಓಡಿ ಬರುತ್ತವೆ.

1953ರ ಜನವರಿ 31ರ ರಾತ್ರಿ ಇಂಗ್ಲೆಂಡ್ ಮತ್ತು ನೆದರ್ಲೆಂಡ್ಸ್ ನಡುವಿನ ಉತ್ತರ ಸಮುದ್ರದಲ್ಲಿ ಇವೆಲ್ಲ ಒಟ್ಟಿಗೆ ಬಂದವು. ಜೋರು ಉಬ್ಬರ, ಗಂಟೆಗಟ್ಟಲೆ ಬೀಸಿದ ಉತ್ತರದ ಗಾಳಿ, ದಕ್ಷಿಣಕ್ಕೆ ಹೋದಷ್ಟೂ ಕಿರಿದಾಗುವ, ಆಳ ಕಡಿಮೆಯಾಗುವ ಕಡಲು. ಶನಿವಾರ ರಾತ್ರಿ, ಜನ ನಿದ್ದೆಯಲ್ಲಿದ್ದರು. ನೆದರ್ಲೆಂಡ್ಸ್‌ನಲ್ಲಿ 1,836 ಜನ, ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಅದೇ ಕಡಲಿನಲ್ಲಿ 2013ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲವು ಕಡೆ ನೀರು 1953ಕ್ಕಿಂತ ಎತ್ತರಕ್ಕೆ ಏರಿತು. ಈ ಸಲ ಅಂಥ ಸಾವುನೋವು ಆಗಲಿಲ್ಲ. ನಡುವೆ ತಡೆಗೋಡೆಗಳು ಎದ್ದಿದ್ದವು. ಅದಕ್ಕಿಂತ ಮುಖ್ಯ, ಜನರಿಗೆ ಮೊದಲೇ ಗೊತ್ತಿತ್ತು.

ಹಂತ 1: ಹವೆ ಚೆನ್ನಾಗಿರುವಾಗಲೇ ನಿಮ್ಮ ಹೊಸ್ತಿಲಿನ ಎತ್ತರ ಅಳೆಯಿರಿ

ಈ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಭೂಪಟದಲ್ಲಿ ‘ಸಮುದ್ರ ಮಟ್ಟದಿಂದ ಇಷ್ಟು ಮೀಟರ್’ ಎಂದು ಕೊಟ್ಟಿರುತ್ತಾರೆ. ಉಬ್ಬರ-ಇಳಿತದ ಪಟ್ಟಿಯಲ್ಲೂ ಮೀಟರ್ ಲೆಕ್ಕವೇ ಇರುತ್ತದೆ. ಎರಡೂ ಒಂದೇ ಅಂದುಕೊಂಡು ಮೋಸ ಹೋಗಬೇಡಿ. ಭೂಪಟದ ಸೊನ್ನೆ ಬೇರೆ, ಉಬ್ಬರದ ಪಟ್ಟಿಯ ಸೊನ್ನೆ ಬೇರೆ. ಪಟ್ಟಿಯ ಸೊನ್ನೆ ಸಾಮಾನ್ಯವಾಗಿ ತೀರ ಕೆಳಗಿನ ಇಳಿತದ ಹತ್ತಿರ ಇರುತ್ತದೆ.

ಸುಲಭದ ದಾರಿ ಹೀಗಿದೆ. ಗಾಳಿ ಇಲ್ಲದ, ಅಲೆ ಸಣ್ಣಗಿರುವ ಒಂದು ದಿನ ಆರಿಸಿಕೊಳ್ಳಿ. ದೊಡ್ಡ ಉಬ್ಬರದ ದಿನವಾದರೆ ಇನ್ನೂ ಒಳ್ಳೆಯದು. ಪಟ್ಟಿ ಹೇಳಿದ ಸಮಯಕ್ಕೆ ಸರಿಯಾಗಿ ನೀರಿನ ಅಂಚಿಗೆ ಹೋಗಿ ಗೂಟ ಹೊಡೆಯಿರಿ, ಇಲ್ಲವೇ ಅಲ್ಲಿರುವ ಕಲ್ಲು, ಕಂಬದ ಮೇಲೆ ಗುರುತು ಹಾಕಿ. ಹತ್ತಿರದಲ್ಲಿ ಅಳಿವೆಯೋ ಬಂದರಿನ ಕಟ್ಟೆಯೋ ಇದ್ದರೆ ಅಲ್ಲೇ ಗುರುತು ಮಾಡಿ, ಅಲೆಯ ಕಾಟ ಇರುವುದಿಲ್ಲ. ಆಮೇಲೆ ಆ ಗುರುತಿನಿಂದ ನಿಮ್ಮ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಗಾರೆ ಕೆಲಸದವರು ನೀರು ತುಂಬಿಸಿ ಬಳಸುವ ಲೆವೆಲ್ ಪೈಪ್ ಇದ್ದರೆ ಸಾಕು. ದೂರ ಜಾಸ್ತಿ ಇದ್ದರೆ ನಡುವೆ ನಿಲ್ಲುತ್ತಾ ನಿಲ್ಲುತ್ತಾ ಅಳೆದು ಕೂಡಿಸಿ.

ಒಂದು ಉದಾಹರಣೆ. ಆ ದಿನ ಪಟ್ಟಿಯಲ್ಲಿ ಉಬ್ಬರ 2.1 ಮೀಟರ್ ಎಂದಿತ್ತು. ಹೊಸ್ತಿಲು ಆ ನೀರಿಗಿಂತ 1.4 ಮೀಟರ್ ಮೇಲಿದೆ. ಹಾಗಾದರೆ ಪಟ್ಟಿಯ ಲೆಕ್ಕದಲ್ಲಿ ನಿಮ್ಮ ಹೊಸ್ತಿಲು 3.5 ಮೀಟರ್. ಈ ಅಂಕಿಯನ್ನು ಬಾಗಿಲಿನ ಹಿಂದೆ ಬರೆದಿಡಿ. ಮುಂದೊಂದು ದಿನ ಮುನ್ಸೂಚನೆಯಲ್ಲಿ ಉಬ್ಬರ 2.3 ಮೀಟರ್, ಅದರ ಮೇಲೆ ಬಿರುಗಾಳಿಯಿಂದ 80 ಸೆಂಟಿಮೀಟರ್ ಏರಿಕೆ ಎಂದು ಹೇಳಿದರೆ ಒಟ್ಟು 3.1. ಉಳಿದದ್ದು ಬರೀ 40 ಸೆಂಟಿಮೀಟರ್, ಅದೂ ಅಲೆಯ ಲೆಕ್ಕ ಸೇರಿಸದೆ. ಈಗ ‘ಭಾರಿ ನೆರೆ ಸಾಧ್ಯತೆ’ ಎಂಬ ಸುದ್ದಿಯನ್ನು ನಂಬಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಲ್ವಾ?

ಇದೇ ರೀತಿ ಇನ್ನೊಂದು ಜಾಗ ಅಳೆಯಿರಿ: ನೀವು ಹೊರಗೆ ಹೋಗುವ ರಸ್ತೆಯ ಅತಿ ತಗ್ಗಿನ ಜಾಗ. ಮನೆಗೆ ನೀರು ಬರುವುದಕ್ಕೆ ಎಷ್ಟೋ ಹೊತ್ತು ಮೊದಲೇ ರಸ್ತೆ ಮುಳುಗುತ್ತದೆ. ನಿಮ್ಮ ಗಡುವು ನಿಜವಾಗಿ ಅದೇ.

ಇನ್ನು ನೀರು ಯಾವ ಕಡೆಯಿಂದ ಬರುತ್ತದೆ ಎಂದು ಯೋಚಿಸಿ. ಎಲ್ಲರೂ ಕಡಲಿನ ಕಡೆಯೇ ನೋಡುತ್ತಾರೆ. ಆದರೆ ಬಹಳ ಕಡೆ ನೀರು ಹಿಂದಿನಿಂದ ಬರುತ್ತದೆ. ಅಳಿವೆ ತುಂಬಿ ತೋಡಿನ ಮೂಲಕ ಬರುತ್ತದೆ, ಮಳೆನೀರಿನ ಚರಂಡಿಯಲ್ಲಿ ತಿರುಗಿ ಹರಿದು ರಸ್ತೆಯ ನಡುವಿನ ಜಾಲರಿಯಿಂದ ಉಕ್ಕುತ್ತದೆ. ಅಲೆಯ ಸದ್ದೂ ಇರುವುದಿಲ್ಲ.

ಹಂತ 2: ಮೂರರಿಂದ ಐದು ದಿನ ಮೊದಲು ಮುನ್ಸೂಚನೆ ಓದಿ

ಚಳಿಗಾಲದ ದೊಡ್ಡ ಬಿರುಗಾಳಿಯ ಸುಳಿವು ಸಾಮಾನ್ಯವಾಗಿ ಕೆಲವು ದಿನ ಮೊದಲೇ ಸಿಗುತ್ತದೆ. ಪಥ ಸ್ವಲ್ಪ ಆಚೀಚೆ ಆಗಬಹುದು. ಉಬ್ಬರದ ಸಮಯ ಮಾತ್ರ ಆಚೀಚೆ ಆಗುವುದಿಲ್ಲ, ಅದು ವರ್ಷದ ಮೊದಲೇ ಲೆಕ್ಕ ಹಾಕಿಟ್ಟದ್ದು. ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಮುಂದಿನ ಐದು ದಿನದ ಉಬ್ಬರಗಳ ಸಮಯ, ಎತ್ತರ ಬರೆದುಕೊಳ್ಳಿ. ಹೆಚ್ಚಿನ ತೀರಗಳಲ್ಲಿ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ದಿನದ ಎರಡು ಉಬ್ಬರಗಳೂ ಒಂದೇ ಎತ್ತರ ಇರಬೇಕೆಂದಿಲ್ಲ. ಎತ್ತರದ್ದಕ್ಕೆ ಸುತ್ತು ಹಾಕಿ.

ಆಮೇಲೆ ಬಿರುಗಾಳಿಯ ಸುದ್ದಿಯಲ್ಲಿ ಇವನ್ನು ಹುಡುಕಿ:

ಗಾಳಿಯ ದಿಕ್ಕು. ನಿಮ್ಮ ದಡಕ್ಕೆ ನೇರವಾಗಿ ಬೀಸುತ್ತದೆಯೇ, ಓರೆಯಾಗಿ ಬೀಸುತ್ತದೆಯೇ, ನೆಲದಿಂದ ಕಡಲಿಗೆ ಬೀಸುತ್ತದೆಯೇ? ಎಷ್ಟು ಗಂಟೆ ಅದೇ ದಿಕ್ಕಿನಲ್ಲಿ ಇರುತ್ತದೆ?

ಅಲೆಯ ಎತ್ತರ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡು ಮೀಟರ್ ಅಲೆ ನಾಲ್ಕು ಮೀಟರ್ ಆದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಎರಡು ಅಲೆಗಳ ನಡುವಿನ ಹೊತ್ತು. ಇದನ್ನು ಯಾರೂ ಗಮನಿಸುವುದಿಲ್ಲ. ಆರೇಳು ಸೆಕೆಂಡಿಗೊಂದು ಬರುವ ಅಲೆ ಹತ್ತಿರದ ಗಾಳಿಯದ್ದು. ಹದಿನಾಲ್ಕು ಸೆಕೆಂಡಿಗೊಂದು ಬರುವ ಅಲೆ ದೂರದಿಂದ ಬಂದದ್ದು. ಎತ್ತರ ಒಂದೇ ಇದ್ದರೂ ಎರಡನೆಯದು ಮರಳಿನ ಮೇಲೆ ಬಹಳ ದೂರ ಓಡಿಬರುತ್ತದೆ.

ಅಲೆಯ ದಿಕ್ಕು ಏಕೆ ಮುಖ್ಯ ಎನ್ನುವುದಕ್ಕೆ 2016ರ ಜೂನ್‌ನಲ್ಲಿ ಸಿಡ್ನಿಯ ನ್ಯಾರಬೀನ್-ಕೊಲರಾಯ್ ತೀರದಲ್ಲಿ ಆದದ್ದನ್ನು ನೋಡಿ. ಅಲ್ಲಿ ಜೂನ್ ಅಂದರೆ ಚಳಿಗಾಲ. ಬಿರುಗಾಳಿ ಆ ಊರಿಗೆ ಹೊಸದಲ್ಲ, ಆದರೆ ಮಾಮೂಲಿಯಾಗಿ ಅಲೆ ಬರುವುದು ದಕ್ಷಿಣದಿಂದ. ಆ ಸಲ ಪೂರ್ವ-ಈಶಾನ್ಯದಿಂದ ಬಂತು, ಅದೂ ವರ್ಷದ ದೊಡ್ಡ ಉಬ್ಬರಗಳ ಹೊತ್ತಿಗೆ. ದಕ್ಷಿಣದ ಅಲೆಗಳಿಂದ ಮರೆಯಲ್ಲಿದ್ದ ಜಾಗಗಳಿಗೇ ಹೊಡೆತ ಬಿತ್ತು. ಒಂದು ಮನೆಯ ಈಜುಕೊಳ ಇಡಿಯಾಗಿ ಕಿತ್ತು ಮರಳಿನ ಮೇಲೆ ಬಿದ್ದಿದ್ದ ಚಿತ್ರ ಜಗತ್ತೆಲ್ಲ ಸುತ್ತಿತು. ‘ನಮ್ಮ ಕಡೆ ಯಾವಾಗಲೂ ಏನೂ ಆಗುವುದಿಲ್ಲ’ ಎನ್ನುವ ಮಾತಿಗೆ ಒಂದು ಬಾಲ ಸೇರಿಸಬೇಕು: ಇದುವರೆಗೆ ಬಂದ ದಿಕ್ಕಿನಿಂದಲೇ ಬಂದರೆ.

ಎಚ್ಚರಿಕೆಯ ಬಣ್ಣ, ಹೆಸರು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಯಾವ ಬಣ್ಣ ಬಂದರೆ ತಯಾರಾಗಬೇಕು, ಯಾವುದು ಬಂದರೆ ಹೊರಡಬೇಕು ಎಂದು ಮೊದಲೇ ತಿಳಿದುಕೊಳ್ಳಿ. ಹೊರಡಿ ಎಂದ ಮೇಲೆ ನಿಮ್ಮ ಹೊಸ್ತಿಲಿನ ಲೆಕ್ಕ ಏನೇ ಹೇಳಲಿ, ಹೊರಡಿ.

ಹಂತ 3: ಮನೆಯೊಳಗಿನ ಕೆಲಸ

ಕೊನೇ ದಿನಕ್ಕೆ ಇಡಬೇಡಿ. ಕೊನೇ ದಿನ ಮಳೆ, ಗಾಳಿ, ಚಳಿ ಮೂರೂ ಇರುತ್ತವೆ.

ಮೊದಲು ತೇಲುವ ವಸ್ತುಗಳು. ಗ್ಯಾಸ್ ಸಿಲಿಂಡರ್, ಎಣ್ಣೆಯ ಟ್ಯಾಂಕ್, ಖಾಲಿ ಡ್ರಮ್, ಸಣ್ಣ ದೋಣಿ. ಅರ್ಧ ಖಾಲಿಯಾದ ಟ್ಯಾಂಕ್ ನೀರಿನಲ್ಲಿ ಬೆಂಡಿನಂತೆ ಎದ್ದು ಪೈಪ್ ಮುರಿದುಕೊಳ್ಳುತ್ತದೆ. ಆಮೇಲೆ ಇಡೀ ಬೀದಿಗೆ ಎಣ್ಣೆ. ಬಿಗಿಯಾಗಿ ಕಟ್ಟಿ, ಕವಾಟ ಮುಚ್ಚಿ. ಬಣ್ಣ, ಕೀಟನಾಶಕ, ಪೆಟ್ರೋಲ್ ಡಬ್ಬಗಳನ್ನು ಎತ್ತರಕ್ಕೆ ಏರಿಸಿ.

ಆಮೇಲೆ ಕರೆಂಟು. ಕೆಳಗಿನ ಮಹಡಿಯ ಸಾಮಾನುಗಳನ್ನು ಮೇಲೆತ್ತಿ, ಪ್ಲಗ್ ತೆಗೆಯಿರಿ. ನೀರು ಬರುವ ಸಾಧ್ಯತೆ ಇದ್ದರೆ, ಕೈಕಾಲು ಒಣಗಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟುವ ಹೊತ್ತು ಬಂದಿದ್ದರೆ ಅದನ್ನು ಹಾಗೇ ಬಿಟ್ಟುಬಿಡಿ. ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ಕರೆಂಟು ಹರಿಸುತ್ತದೆ.

ದಾಖಲೆ ಪತ್ರಗಳಿಗೆ ಒಂದು ನೀರು ನುಗ್ಗದ ಚೀಲ. ಜೊತೆಗೆ ಮನೆಯ ಒಳಗೆ, ಹೊರಗೆ, ಎದುರಿನ ದಂಡೆಗೆ ಒಂದೊಂದು ಫೋಟೋ ತೆಗೆದಿಡಿ. ಬೀಳುವ ಮೊದಲು ಏನಿತ್ತು ಎಂಬುದಕ್ಕೆ ಅದೇ ಸಾಕ್ಷಿ. ವಿಮೆ ಇದ್ದರೆ ಒಮ್ಮೆ ತೆಗೆದು ಓದಿ. ಬಿರುಗಾಳಿಯ ಹಾನಿಗೆ ಕೊಡುತ್ತೇವೆ ಎನ್ನುವ ಎಷ್ಟೋ ಪಾಲಿಸಿಗಳಲ್ಲಿ ಕಡಲ ನೆರೆಯೂ ಕಡಲ್ಕೊರೆತವೂ ಸೇರಿರುವುದಿಲ್ಲ.

ಮರಳು ಚೀಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚೀಲ ನೀರನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಪೂರ್ತಿ ತುಂಬಿಸಿದ ಚೀಲ ಕಲ್ಲಿನಂತೆ ಗುಂಡಗಾಗಿ ನಡುವೆ ಸಂದು ಬಿಡುತ್ತದೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ, ಬಾಯಿ ಅಡಿಗೆ ಮಡಿಸಿ, ಇಟ್ಟಿಗೆ ಕಟ್ಟುವ ಹಾಗೆ ಸಂದಿನ ಮೇಲೆ ಚೀಲ ಬರುವಂತೆ ಜೋಡಿಸಿ, ತುಳಿದು ಚಪ್ಪಟೆ ಮಾಡಿ. ಅಡಿಯಿಂದ ನೀರಿನ ಕಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಬಾಗಿಲ ಜೊತೆಗೆ ಗೋಡೆಯ ಗಾಳಿ ಕಿಂಡಿ, ನೆಲದ ಬಚ್ಚಲ ತೂತು, ಕಮೋಡ್ ಇವನ್ನೂ ನೋಡಿಕೊಳ್ಳಿ. ಚರಂಡಿ ನೀರು ವಾಪಸ್ ಬರುವುದು ಅಲ್ಲಿಂದ.

ಮತ್ತೆ, ಎಷ್ಟು ಎತ್ತರ ತಡೆಯಬೇಕು ಎಂಬುದಕ್ಕೂ ಮಿತಿ ಇದೆ. ಹೊರಗೆ ನೀರು, ಒಳಗೆ ಒಣ. ಈ ವ್ಯತ್ಯಾಸ ಸುಮಾರು 60 ಸೆಂಟಿಮೀಟರ್ ದಾಟಿದರೆ ಸಾಧಾರಣ ಇಟ್ಟಿಗೆ ಗೋಡೆ ನೀರಿನ ಭಾರಕ್ಕೆ ಒಳಗೆ ಬೀಳಬಹುದು. ಒಂದು ಘನ ಮೀಟರ್ ಕಡಲ ನೀರು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಅಷ್ಟು ಏರಿದ ಮೇಲೆ ನೀರನ್ನು ಒಳಗೆ ಬಿಡುವುದೇ ಮೇಲು. ನೆಲ ತೊಳೆಯಬಹುದು, ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಬೇಕಾಗುತ್ತದೆ.

ಚೀಲಕ್ಕೆ ಮರಳು ಎಲ್ಲಿಂದ? ಎದುರಿನ ದಿಬ್ಬದಿಂದ ಮಾತ್ರ ಬೇಡ. ಹೀಗೆ ಮಾಡುವವರು ಇದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಆ ದಿಬ್ಬವೇ ನಿಮ್ಮ ದೊಡ್ಡ ಮರಳು ಚೀಲ. ಅದನ್ನು ತೋಡಿ ಸಣ್ಣ ಚೀಲ ತುಂಬಿಸುವುದು ಬೇಲಿ ಕಿತ್ತು ಗೇಟು ಮಾಡಿದ ಹಾಗೆ. ತೋಡಿದ ಜಾಗದಲ್ಲೇ ಅಲೆ ಮೊದಲು ದಾಟುತ್ತದೆ.

ಹಂತ 4: ಹೊರಡುವುದಾದರೆ ಯಾವಾಗ

ದೊಡ್ಡ ಉಬ್ಬರಕ್ಕೆ ಒಂದು ಗಂಟೆ ಮೊದಲು ಅಲ್ಲ. ಅದರ ಹಿಂದಿನ ಇಳಿತದ ಹೊತ್ತಿಗೆ, ಬೆಳಕಿರುವಾಗ. ಉಬ್ಬರ ಬೆಳಗಿನ ಜಾವವಾದರೆ ಹಿಂದಿನ ಸಂಜೆ ಕತ್ತಲಾಗುವ ಮೊದಲು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿರುಗಾಳಿಯ ಹೊತ್ತಿನಲ್ಲಿ ಇಳಿತದಲ್ಲೂ ನೀರು ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ‘ಮುಂದಿನ ಇಳಿತಕ್ಕೆ ಹೋದರಾಯಿತು’ ಎಂಬ ಲೆಕ್ಕ ಕೈಕೊಡುತ್ತದೆ.

ರಸ್ತೆಯಲ್ಲಿ ನೀರು ಹರಿಯುತ್ತಿದ್ದರೆ ಮೂರು ಅಂಕಿ ನೆನಪಿರಲಿ. 15 ಸೆಂಟಿಮೀಟರ್ ರಭಸದ ನೀರು ಆಳನ್ನು ಬೀಳಿಸುತ್ತದೆ. 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸುತ್ತದೆ. 60 ಸೆಂಟಿಮೀಟರ್ ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಕಡಲ ಪಕ್ಕದ ರಸ್ತೆಗೆ ಇನ್ನೊಂದು ಅಪಾಯವಿದೆ. ಮೇಲೆ ಡಾಂಬರು ಕಾಣುತ್ತದೆ, ಅಡಿಯ ಮಣ್ಣು ಹೋಗಿರುತ್ತದೆ.

ಚೀಲದಲ್ಲಿ ಒಣ ಬಟ್ಟೆ, ಕಂಬಳಿ, ಔಷಧಿ, ಟಾರ್ಚು, ಬ್ಯಾಟರಿ ರೇಡಿಯೋ, ಕುಡಿಯುವ ನೀರು, ಚಾರ್ಜ್ ಆದ ಪವರ್ ಬ್ಯಾಂಕ್ ಇರಲಿ. ಚಳಿಗಾಲದ ನೆರೆಯಲ್ಲಿ ಮುಳುಗಿ ಸಾಯುವಷ್ಟೇ ನೆನೆದು ಚಳಿಗೆ ಸಾಯುವ ಅಪಾಯವೂ ಇದೆ. ಒಣ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಡಿ. ಸಾಕುಪ್ರಾಣಿಗಳನ್ನು ಕಟ್ಟಿಹಾಕಿ ಹೋಗಬೇಡಿ. ಅಕ್ಕಪಕ್ಕದಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ ಅವರ ಬಾಗಿಲನ್ನೂ ಒಮ್ಮೆ ತಟ್ಟಿ.

ಹಂತ 5: ಬಿರುಗಾಳಿ ನಡೆಯುತ್ತಿರುವಾಗ

ಒಳಗೆ ಸಿಕ್ಕಿಹಾಕಿಕೊಂಡರೆ ಮೇಲಿನ ಮಹಡಿಗೆ ಹೋಗಿ. ಹೊರಗೆ ಬರಲು ಕಿಟಕಿ ಇಲ್ಲದ ಅಟ್ಟಕ್ಕೆ ಹತ್ತಬೇಡಿ, ನೀರು ಏರಿದರೆ ಅದು ಬೋನು. ಕಡಲಿನ ಕಡೆಯ ಕೋಣೆಯಲ್ಲಿ ಇರಬೇಡಿ.

ಜನರೇಟರ್ ಹೊರಗೆ ಮಾತ್ರ, ಬಾಗಿಲು ಕಿಟಕಿಯಿಂದ ಕಡೇಪಕ್ಷ ಆರು ಮೀಟರ್ ದೂರದಲ್ಲಿ. ಚಳಿ ಎಂದು ಒಳಗೆ ಇದ್ದಿಲು ಉರಿಸುವುದೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಅಲೆ ನೋಡಲು ಹೋಗಬೇಡಿ. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಗೊತ್ತಿದೆ. ಹತ್ತು ನಿಮಿಷ ನಿಂತು ನೋಡಿ ‘ಇಲ್ಲಿ ತನಕ ಬರುವುದಿಲ್ಲ’ ಎಂದು ತೀರ್ಮಾನ ಮಾಡುತ್ತೀರಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮಿಕ್ಕವಕ್ಕಿಂತ ಬಹಳ ದೊಡ್ಡದೊಂದು ಬರಬಹುದು. ಜೊತೆಗೆ ಮರದ ದಿಮ್ಮಿ, ಕಲ್ಲು ಹೊತ್ತು ತರುತ್ತದೆ. ತಡೆಗೋಡೆಯ ಮೇಲೆ ನಿಂತರೆ ಭದ್ರ ಎಂದುಕೊಳ್ಳುವವರಿಗೆ ಒಂದು ಮಾತು: 2014ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಡಾಲಿಷ್‌ನಲ್ಲಿ ಕಡಲ ಗೋಡೆಯೇ ಒಡೆದು ರೈಲು ಹಳಿ ಗಾಳಿಯಲ್ಲಿ ನೇತಾಡಿತು. ಸರಿಮಾಡಿ ಮತ್ತೆ ರೈಲು ಓಡಿಸಲು ಎರಡು ತಿಂಗಳು ಬೇಕಾಯಿತು.

ಇನ್ನು ಉಬ್ಬರ ಕಳೆದು ಸ್ವಲ್ಪ ಶಾಂತವಾದಾಗ ಜನ ಮಾಡುವ ತಪ್ಪು. ‘ಮುಗಿಯಿತು’ ಎಂದು ಸಾಮಾನು ಕೆಳಗಿಳಿಸುತ್ತಾರೆ, ಮನೆಗೆ ವಾಪಸ್ ಬರುತ್ತಾರೆ. ನಿಮ್ಮ ಹಾಳೆ ತೆಗೆದು ನೋಡಿ. ಗಾಳಿ ಇನ್ನೂ ದಡದ ಕಡೆಗೇ ಇದೆಯೇ? ಮುಂದಿನ ಉಬ್ಬರ ಎಷ್ಟು ಎತ್ತರ? ಮೊದಲ ಉಬ್ಬರ ಮರಳನ್ನು ತಗ್ಗಿಸಿಬಿಟ್ಟಿದೆ. ಎರಡನೆಯದು ಅಷ್ಟೇ ಎತ್ತರ ಬಂದರೂ ಅಲೆ ಇನ್ನೂ ಹತ್ತಿರ ಬಂದು ಒಡೆಯುತ್ತದೆ. ಗಾಳಿಯ ದಿಕ್ಕು ತಿರುಗುವವರೆಗೆ, ಇಲ್ಲವೇ ಎರಡು ಉಬ್ಬರ ಸುಮ್ನೆ ಕಳೆಯುವವರೆಗೆ ಅದು ಮುಗಿದಿಲ್ಲ.

ಹಂತ 6: ವಾಪಸ್ ಬಂದ ಮೇಲೆ

ದಂಡೆಯ ಕಡೆಯಿಂದ ಬರಬೇಡಿ. ಕೊರೆದ ಮರಳು ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಒದ್ದೆ ಇರುವಾಗ ಗಟ್ಟಿ, ಒಣಗಿದಂತೆ ಕುಸಿಯುತ್ತದೆ. ಅದರ ಮೇಲೂ ನಿಲ್ಲಬಾರದು, ಕೆಳಗೂ ಮಕ್ಕಳನ್ನು ಆಡಲು ಬಿಡಬಾರದು.

ಮನೆಯ ಕೆಳಗಿನ ಮಣ್ಣು ಹೋಗಿದೆಯೇ, ಗೋಡೆಯಲ್ಲಿ ಹೊಸ ಬಿರುಕು ಇದೆಯೇ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ ಎಂದು ಹೊರಗಿನಿಂದಲೇ ಸುತ್ತು ಬಂದು ನೋಡಿ. ಗ್ಯಾಸ್ ವಾಸನೆ ಬಂದರೆ ಒಳಗೆ ಹೋಗಲೇಬೇಡಿ. ಉಪ್ಪುನೀರು ಕುಡಿದ ವೈರಿಂಗ್ ಒಣಗಿದಂತೆ ಕಂಡರೂ ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಹಾಕಬೇಡಿ. ಉಪ್ಪು ಒಳಗೇ ಕೂತು ತುಕ್ಕು ಹಿಡಿಸುತ್ತದೆ, ವಾರಗಳ ನಂತರವೂ ಕಿಡಿ ಹಾರಬಹುದು. ವಿದ್ಯುತ್ ಕಾರು ಅಥವಾ ಸ್ಕೂಟರ್ ಕಡಲ ನೀರಿನಲ್ಲಿ ಮುಳುಗಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ, ಮನೆಯಿಂದ 15 ಮೀಟರ್ ದೂರ ಇಡಿಸಿ. 2022ರಲ್ಲಿ ಫ್ಲೋರಿಡಾದ ಇಯಾನ್ ಚಂಡಮಾರುತದ ನಂತರ ಇಂಥ ವಾಹನಗಳು ನೀರಿಳಿದ ಮೇಲೆ ತಾವಾಗಿಯೇ ಹೊತ್ತಿಕೊಂಡಿದ್ದವು.

ನೆಲಮಾಳಿಗೆ ತುಂಬಿದ್ದರೆ ಅವಸರ ಬೇಡ. ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರನ್ನು ಒಂದೇ ಸಲ ಪಂಪ್ ಮಾಡಿದರೆ ಗೋಡೆ ಒಳಗೆ ಬೀಳಬಹುದು. ಹೊರಗಿನ ನೀರು ಇಳಿದ ಮೇಲೆ ದಿನಕ್ಕೆ ಮೂರನೇ ಒಂದು ಭಾಗದಂತೆ ತೆಗೆಯಿರಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಗುರುತು ಹಾಕಿ. ಮಾರನೆಯ ದಿನ ಅದು ಮತ್ತೆ ಏರಿದ್ದರೆ ಇನ್ನೂ ಕಾಲ ಬಂದಿಲ್ಲ.

ಅವಸರ ಬೇಕಾದ್ದು ಒಣಗಿಸುವುದಕ್ಕೆ. ಬೂಷ್ಟು 24ರಿಂದ 48 ಗಂಟೆಯೊಳಗೆ ಶುರುವಾಗುತ್ತದೆ. ಮೊದಲು ಎಲ್ಲದರ ಫೋಟೋ ತೆಗೆದು, ನೆನೆದ ಹಾಸಿಗೆ, ಜಮಖಾನ, ಮರದ ಪುಡಿ ಒತ್ತಿ ಮಾಡಿದ ಹಲಗೆ ಹೊರಗೆ ಹಾಕಿ. ಕೆಸರು ಒದ್ದೆ ಇರುವಾಗಲೇ ಎತ್ತಿ, ಒಣಗಿದರೆ ಸಿಮೆಂಟಿನಂತೆ ಕೂರುತ್ತದೆ. ಆಮೇಲೆ ಸಿಹಿನೀರಿನಲ್ಲಿ ಗೋಡೆ, ಕೀಲು, ಚಿಲಕ ಎಲ್ಲ ತೊಳೆಯಿರಿ. ಉಪ್ಪು ಉಳಿದರೆ ಗೋಡೆ ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಎಷ್ಟು ಬಣ್ಣ ಬಳಿದರೂ ಉದುರುತ್ತದೆ. ಬ್ಲೀಚ್ ಹಾಕುವುದಾದರೆ ಅದನ್ನು ಅಮೋನಿಯಾ ಅಥವಾ ಆಸಿಡ್ ಇರುವ ಯಾವುದರ ಜೊತೆಗೂ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಬಾವಿಗೆ ನೀರು ನುಗ್ಗಿದ್ದರೆ ಪರೀಕ್ಷೆ ಆಗುವವರೆಗೆ ಕುಡಿಯಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಉಪ್ಪು ಹೋಗುವುದಿಲ್ಲ.

ಹಂತ 7: ದಂಡೆಯನ್ನು ಏನು ಮಾಡಬೇಕು

ಬಿರುಗಾಳಿಯ ಮಾರನೆಯ ದಿನ ದಂಡೆ ನೋಡಿದರೆ ಎದೆ ಝಲ್ ಎನ್ನುತ್ತದೆ. ನೆಲ ಒಂದಾಳು ತಗ್ಗಾಗಿರುತ್ತದೆ, ಹಳೆಯ ಬೇರು, ಕಲ್ಲು ಎಲ್ಲ ಎದ್ದು ಕಾಣುತ್ತವೆ. ಮರಳು ಎಲ್ಲಿ ಹೋಯಿತು?

ಹೆಚ್ಚಿನದು ದೂರ ಹೋಗಿಲ್ಲ. ದೊಡ್ಡ ಅಲೆಗಳು ಅದನ್ನು ಎಳೆದು ಸ್ವಲ್ಪ ಮುಂದೆ ನೀರಿನಡಿ ಉದ್ದದ ದಿಣ್ಣೆಯಾಗಿ ಹಾಕಿರುತ್ತವೆ. ಆ ದಿಣ್ಣೆಗೆ ಬಡಿದು ಮುಂದಿನ ಅಲೆಗಳು ದೂರದಲ್ಲೇ ಒಡೆಯುತ್ತವೆ. ಅಂದರೆ ದಂಡೆ ಮೈ ತಗ್ಗಿಸಿ ಹೊಡೆತ ತಪ್ಪಿಸಿಕೊಂಡಿದೆ. ಹವೆ ತಿಳಿಯಾದ ಮೇಲೆ ಎತ್ತರ ಕಡಿಮೆ ಇರುವ, ಉದ್ದನೆಯ ಅಲೆಗಳು ಅದೇ ಮರಳನ್ನು ನಿಧಾನವಾಗಿ ತಂದು ಹಾಕುತ್ತವೆ. ದಂಡೆ ತುಂಬಲು ವಾರಗಳಿಂದ ತಿಂಗಳುಗಳು ಬೇಕು. ದಿಬ್ಬ ಬೆಳೆಯಲು ವರ್ಷಗಳು ಬೇಕು, ಏಕೆಂದರೆ ಅದನ್ನು ಕಟ್ಟುವುದು ನೀರಲ್ಲ, ಗಾಳಿ. ಎಲ್ಲವೂ ವಾಪಸ್ ಬರುತ್ತದೆ ಎಂದೂ ಹೇಳಲಾಗದು. ದಡದ ಉದ್ದಕ್ಕೆ ಪಕ್ಕಕ್ಕೆ ಸರಿದದ್ದು, ತುಂಬಾ ಆಳಕ್ಕೆ ಇಳಿದದ್ದು ಹೋದ ಹಾಗೇ. ಅದೇ ಚಳಿಗಾಲದಲ್ಲಿ ಒಂದರ ಹಿಂದೆ ಒಂದು ಬಿರುಗಾಳಿ ಬಂದರೆ ದಂಡೆಗೆ ಉಸಿರಾಡಲೂ ಪುರುಸೊತ್ತು ಸಿಗುವುದಿಲ್ಲ.

ಹಾಗಾಗಿ ಮೊದಲ ವಾರದಲ್ಲೇ ಬುಲ್ಡೋಜರ್ ತಂದು ಕೆಳಗಿನ ಮರಳು ಕೆರೆದು ಮೇಲೆ ರಾಶಿ ಹಾಕಿಸಲು ಓಡಬೇಡಿ. ಕೆಳಗಿನದು ಖಾಲಿಯಾದರೆ ಮುಂದಿನ ಅಲೆ ಇನ್ನೂ ಮೇಲೆ ಬರುತ್ತದೆ. ಮನೆಯೇ ಅಂಚಿನಲ್ಲಿ ನೇತಾಡುತ್ತಿದ್ದರೆ ಬೇರೆ ಮಾತು, ಆಗಲೂ ಕರಾವಳಿ ನೋಡಿಕೊಳ್ಳುವ ಇಲಾಖೆಯ ಅನುಮತಿ ಪಡೆದೇ ಮಾಡಿ.

ಕಲ್ಲು ಸುರಿಯುವ ಬಗ್ಗೆಯೂ ಇಷ್ಟು ಹೇಳಬೇಕು. ಮನೆ ಮುಂದೆ ದೊಡ್ಡ ಬಂಡೆ ರಾಶಿ ಬಿದ್ದರೆ ಧೈರ್ಯ ಬರುತ್ತದೆ, ನಿಜ. ಅದು ಹಿಂದಿನ ನೆಲವನ್ನು ಕಾಯಲೂಬಹುದು. ಆದರೆ ಮುಂದಿನ ಮರಳನ್ನು ಕಾಯುವುದಿಲ್ಲ. ಅಲೆ ಬಡಿದು ಗೋಡೆಯ ಬುಡವನ್ನೇ ತೋಡುತ್ತದೆ, ದಂಡೆ ತಗ್ಗುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಜಾಸ್ತಿಯಾಗುತ್ತದೆ. ಅಲ್ಲಿರುವುದು ಪಕ್ಕದವರ ಮನೆ. ಅವರೂ ಕಲ್ಲು ಹಾಕಿಸುತ್ತಾರೆ, ಅವರ ಪಕ್ಕದವರೂ. ಒಬ್ಬೊಬ್ಬರೇ ಮಾಡುವ ಕೆಲಸ ಇದಲ್ಲ. ಮಾಡುವುದಾದರೆ ಇಡೀ ದಂಡೆಗೆ ಒಂದೇ ಯೋಜನೆ ಬೇಕು. ಕೆಲವು ಕಡೆ ಮನೆಯನ್ನೇ ಹಿಂದಕ್ಕೆ ಸರಿಸುವುದು ಅಗ್ಗ. ಕಹಿ ಮಾತು, ಆದರೆ ಲೆಕ್ಕ ಹಾಕಿ ನೋಡುವುದರಲ್ಲಿ ತಪ್ಪಿಲ್ಲ.

ನಿಮ್ಮ ಕೈಯಲ್ಲಿ ಆಗುವುದು ದಿಬ್ಬದ ಕೆಲಸ. ದಿಬ್ಬದ ಮೇಲೆ ಓಡಾಡಿ ಮಾಡಿದ ಕಾಲುದಾರಿ ಮುಚ್ಚಿ. ಹುಲ್ಲು ಸತ್ತ ಆ ಸಂದಿನಲ್ಲೇ ಮೊದಲು ಗಾಳಿ, ಆಮೇಲೆ ನೀರು ನುಗ್ಗುತ್ತದೆ. ದಾಟಲು ಒಂದೇ ಕಡೆ ಹಲಗೆಯ ದಾರಿ ಮಾಡಿ, ಅದೂ ಕಡಲಿಗೆ ನೇರವಾಗಿ ಅಲ್ಲ, ಓರೆಯಾಗಿ. ಗಾಳಿ ತೂರುವ ಸಣ್ಣ ಬೇಲಿ ಹಾಕಿದರೆ ಹಾರುವ ಮರಳು ಅದರ ಹಿಂದೆ ಕೂರುತ್ತದೆ. ಪೂರ್ತಿ ಮುಚ್ಚಿದ ಬೇಲಿ ಬೇಡ, ಅರ್ಧದಷ್ಟು ಸಂದು ಇರಬೇಕು. ಮರಳು ಕೂತ ಮೇಲೆ ನಿಮ್ಮದೇ ದಂಡೆಯಲ್ಲಿ ಬೆಳೆಯುವ ಹುಲ್ಲು, ಬಳ್ಳಿ ನೆಡಿ. ಅಲೆ ತಂದು ಹಾಕಿದ ಕಡಲ ಸಸ್ಯದ ಸಾಲನ್ನು ಕಸ ಎಂದು ಗುಡಿಸಬೇಡಿ. ಪ್ಲಾಸ್ಟಿಕ್ ಆರಿಸಿ ತೆಗೆದು ಉಳಿದದ್ದು ಬಿಡಿ. ಹೊಸ ದಿಬ್ಬ ಮೊಳೆಯುವುದು ಅಲ್ಲೇ, ಆ ಸಾಲಿಗೆ ಮರಳು ಸಿಕ್ಕಿಕೊಂಡು.

ಕೊನೆಗೆ ಒಂದು ಅಭ್ಯಾಸ. ನ್ಯಾರಬೀನ್‌ನಲ್ಲಿ 1976ರಿಂದ ದಂಡೆಯನ್ನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಅಳೆಯುತ್ತಾ ಬಂದಿದ್ದಾರೆ. 2016ರ ಬಿರುಗಾಳಿ ಎಷ್ಟು ಕೊಂಡುಹೋಯಿತು, ಎಷ್ಟು ವಾಪಸ್ ಬಂತು ಎಂದು ಹೇಳಲು ಸಾಧ್ಯವಾದದ್ದು ಅದರಿಂದ. ಅದೇ ಸಿಡ್ನಿಯಲ್ಲಿ 2017ರಲ್ಲಿ ಶುರುವಾದ ಕೋಸ್ಟ್‌ಸ್ನ್ಯಾಪ್ ಎಂಬ ಯೋಜನೆ ಈ ಕೆಲಸವನ್ನು ಜನರ ಫೋನಿಗೇ ಕೊಟ್ಟಿತು. ಒಂದು ಕಂಬಕ್ಕೆ ಫೋನ್ ಇಡುವ ತೊಟ್ಟಿಲು, ಬಂದವರೆಲ್ಲ ಅದೇ ಕೋನದಿಂದ ಒಂದು ಫೋಟೋ. ನೀವೂ ಮಾಡಬಹುದು. ತಿಂಗಳಿಗೊಮ್ಮೆ, ಇಳಿತದ ಹೊತ್ತಿಗೆ, ಅದೇ ಜಾಗದಲ್ಲಿ ಫೋನ್ ಇಟ್ಟು. ದಂಡೆಗೆ ಇಳಿಯುವ ಮೆಟ್ಟಿಲಿದ್ದರೆ ಇನ್ನೂ ಸುಲಭ: ಮರಳಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿವೆ ಎಂದು ಎಣಿಸಿ, ಬಾಗಿಲಿನ ಹಿಂದೆ ಹೊಸ್ತಿಲಿನ ಅಂಕಿಯ ಕೆಳಗೆ ಬರೆಯಿರಿ. ಕಳೆದ ಚಳಿಗಾಲದ ಮೊದಲು ನಾಲ್ಕು ಕಾಣುತ್ತಿದ್ದವು, ಈ ಸಲ ಏಳು ಕಾಣುತ್ತಿವೆ ಎಂದರೆ ಹಂತ 3ರ ಕೆಲಸವನ್ನು ಈ ವರ್ಷ ಒಂದು ವಾರ ಮೊದಲೇ ಶುರುಮಾಡಿ.